ಕೊಡಗಿನಿಂದ ಹೊರಟವರಿಗೆ ಯಾವ ಊರು? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಊಟದ ಸಾಲಿನಲ್ಲಿ, ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಊರಿಗೆ ಬಂದಾಗ, ವಾಟ್ಸಾಪ್‌ನಲ್ಲಿ ತಡರಾತ್ರಿ ಬರುವ ಮೆಸೇಜುಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳುವವರಲ್ಲಿ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಇದ್ದಾರೆ, ಅವರ ಅಪ್ಪ ಅಮ್ಮ ಇದ್ದಾರೆ, ಮಿಲಿಟರಿಯಿಂದ ರಿಟೈರ್ ಆಗಿ ಎಲ್ಲಿ ನೆಲೆಸೋಣ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಅಣ್ಣಾ, ಒಂದೇ ಮಾತಲ್ಲಿ ಹೇಳಿ, ಇರೋದಕ್ಕೆ ಯಾವ ಸಿಟಿ ಬೆಸ್ಟ್?

ಕೆಲಸ ಎಲ್ಲಿ ಸಿಕ್ಕಿತೋ ಅದೇ. ತಮಾಷೆಗೆ ಹೇಳುತ್ತಿಲ್ಲ. ಕೈಯಲ್ಲಿ ಆಫರ್ ಇಲ್ಲದೆ ಸುಮ್ನೆ ಊರುಗಳನ್ನು ತೂಗುತ್ತಾ ಕೂತರೆ ವರ್ಷ ಕಳೆಯುತ್ತದೆ. ಎರಡು ಮೂರು ಆಫರ್ ಇದ್ದರೆ ಆಗ ಹೋಲಿಕೆಗೆ ಅರ್ಥವಿದೆ.

ಹಾಗೆ ಹೋಲಿಸುವಾಗ ನಾನು ಮೊದಲು ಕೇಳುವುದು ಇದನ್ನು: ರಾತ್ರಿ ಹತ್ತಕ್ಕೆ ಮನೆಯಿಂದ ಫೋನ್ ಬಂದರೆ ಬೆಳಿಗ್ಗೆ ಹೊತ್ತಿಗೆ ಮನೆ ಮುಟ್ಟಬಹುದಾ? ಬೇರೆ ಜಿಲ್ಲೆಯವರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ನಮಗೆ ದೊಡ್ಡದು. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಎಲ್ಲಿಂದ ಬಂದರೂ ಕೊನೆಯ ನೂರು ಕಿಲೋಮೀಟರ್ ರಸ್ತೆಯೇ ಗತಿ. ಮಡಿಕೇರಿಗೆ ಮೈಸೂರಿನಿಂದ ಸುಮಾರು 120 ಕಿ.ಮೀ., ಮಂಗಳೂರಿನಿಂದ ಸುಮಾರು 140, ಬೆಂಗಳೂರಿನಿಂದ 260ರ ಆಸುಪಾಸು. ಈ ಮೂರೂ ಒಂದು ರಾತ್ರಿಯೊಳಗಿನ ಊರುಗಳು. ಆದರೆ ಮಂಗಳೂರಿನ ದಾರಿಯಲ್ಲಿ ಸಂಪಾಜೆ ಘಾಟಿ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿದ್ದು ನಿಮಗೇ ಗೊತ್ತು. ಚೆನ್ನೈ, ಹೈದರಾಬಾದ್‌ನಿಂದ ಹೊರಟರೆ ಬೆಂಗಳೂರೋ ಮೈಸೂರೋ ಮುಟ್ಟುವಷ್ಟರಲ್ಲಿ ಬೆಳಗಾಗಿರುತ್ತದೆ, ಆಮೇಲೆ ಇನ್ನರ್ಧ ದಿನ. ಮುಂಬೈ, ದೆಹಲಿಯಿಂದ ವಿಮಾನ ಹಿಡಿಯಬೇಕು. ದಕ್ಷಿಣ ಕೊಡಗಿನವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಇದರಲ್ಲಿ ನಿಜವಾದ ಅನುಕೂಲ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಇರಿಟ್ಟಿ ದಾಟಿದರೆ ಬಂತು.

ಅಪ್ಪ ಅಮ್ಮ ಗಟ್ಟಿಯಾಗಿದ್ದಾರೆ, ತೋಟ ನೋಡಲು ಅಣ್ಣ ಇದ್ದಾನೆ ಅನ್ನುವವರು ಈ ಅಳತೆಯನ್ನು ಬಿಟ್ಟುಬಿಡಬಹುದು. ಒಬ್ಬನೇ ಮಗ, ಒಬ್ಬಳೇ ಮಗಳು ಆದರೆ ಬಿಡಬೇಡಿ.

ಪತ್ರಿಕೆಯಲ್ಲಿ ‘ವಾಸಕ್ಕೆ ಯೋಗ್ಯ ನಗರ’ ಅಂತ ಪಟ್ಟಿ ಬರುತ್ತಲ್ಲ, ಅದನ್ನ ನಂಬಬಹುದಾ?

ಪಟ್ಟಿ ಓದಿ, ಆದರೆ ಅದನ್ನು ನೋಡಿ ಗಂಟುಮೂಟೆ ಕಟ್ಟಬೇಡಿ. ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ 2018ರಲ್ಲಿ ಪುಣೆ ಮೊದಲು, ಬೆಂಗಳೂರು 58ನೆಯದು. ಅದೇ ಸೂಚ್ಯಂಕದ 2020ರ ಪಟ್ಟಿಯಲ್ಲಿ ದೊಡ್ಡ ನಗರಗಳ ಪೈಕಿ ಬೆಂಗಳೂರೇ ಮೊದಲು. ಎರಡು ವರ್ಷದಲ್ಲಿ ಬೆಂಗಳೂರಿನ ರಸ್ತೆಗಳು ಹಾಗೇನೂ ಬದಲಾಗಿರಲಿಲ್ಲ, ಬದಲಾಗಿದ್ದು ಅಳೆಯುವ ರೀತಿ. ಎರಡನೇ ಸಲ ಜನರ ಅಭಿಪ್ರಾಯಕ್ಕೂ ಅಂಕ ಕೊಟ್ಟರು.

ಹೊರದೇಶದ ಪಟ್ಟಿಗಳ ಕಥೆ ಇನ್ನೊಂದು. ಮರ್ಸರ್ ಕಂಪನಿಯ ಪಟ್ಟಿ ತಯಾರಾಗುವುದು ಬಹುರಾಷ್ಟ್ರೀಯ ಕಂಪನಿಗಳಿಗಾಗಿ, ಬೇರೆ ದೇಶಕ್ಕೆ ಕಳಿಸುವ ಅಧಿಕಾರಿಗೆ ಎಷ್ಟು ಭತ್ಯೆ ಕೊಡಬೇಕೆಂದು ತಿಳಿಯಲು. 2019ರಲ್ಲಿ ಅದರಲ್ಲಿ ಭಾರತದ ಮಟ್ಟಿಗೆ ಹೈದರಾಬಾದ್ ಮತ್ತು ಪುಣೆ ಮೇಲಿದ್ದವು. ಇಕನಾಮಿಸ್ಟ್ ಪತ್ರಿಕೆ ಬಳಗದ ಇಐಯು ಸಂಸ್ಥೆಯ 2023ರ ಪಟ್ಟಿಯಲ್ಲಿ ಬೆಂಗಳೂರು ದೆಹಲಿ, ಮುಂಬೈ, ಚೆನ್ನೈ ಮೂರಕ್ಕಿಂತಲೂ ಕೆಳಗಿತ್ತು. ನೀವು ಪೊನ್ನಂಪೇಟೆಯಿಂದ ಬಂದು ಪಿಜಿಯಲ್ಲಿ ಇರುವವರು. ಆ ಅಧಿಕಾರಿಯ ಕಷ್ಟ ನಿಮ್ಮದಲ್ಲ, ನಿಮ್ಮ ಕಷ್ಟ ಅವನದಲ್ಲ.

ಭಾಷೆ ಕಷ್ಟ ಆಗಲ್ವಾ?

ನಮ್ಮವರಿಗೆ ಅಷ್ಟು ಆಗುವುದಿಲ್ಲ. ಮನೆಯಲ್ಲಿ ಕೊಡವ ತಕ್ಕೋ ಅರೆಭಾಷೆಯೋ, ಶಾಲೆಯಲ್ಲಿ ಕನ್ನಡ, ತೋಟದ ಕೆಲಸದವರ ಲೈನ್ ಮನೆಯಲ್ಲಿ ತಮಿಳು, ಪೇಟೆಯಲ್ಲಿ ಮಲಯಾಳಂ ಕೇಳಿಕೊಂಡೇ ಬೆಳೆದಿರುತ್ತೇವೆ. ಚೆನ್ನೈ, ಕೊಚ್ಚಿಯಲ್ಲಿ ಬೆಂಗಳೂರಿನವನಿಗಿಂತ ಬೇಗ ಹೊಂದಿಕೊಳ್ಳುತ್ತೀರಿ. ಹೈದರಾಬಾದ್‌ನಲ್ಲಿ ಹಿಂದಿ ನಡೆಯುತ್ತದೆ. ಪುಣೆ, ಮುಂಬೈಯಲ್ಲೂ ಹಿಂದಿಯಲ್ಲಿ ದಿನ ದೂಡಬಹುದು. ಆದರೆ ಸೊಸೈಟಿ ಮೀಟಿಂಗ್ ಮರಾಠಿಯಲ್ಲಿ ನಡೆದರೆ ಸುಮ್ನೆ ಕೂತಿರಬೇಕು.

ಹೈದರಾಬಾದಲ್ಲಿ ವರ್ಷಕ್ಕೆ ಎರಡು ಲಕ್ಷ ಜಾಸ್ತಿ ಕೊಡ್ತಾರಂತೆ. ಹೋಗ್ಲಾ?

ವರ್ಷಕ್ಕೆ ಎರಡು ಲಕ್ಷ ಅಂದರೆ ತಿಂಗಳಿಗೆ ಹದಿನಾರೂವರೆ ಸಾವಿರ ಚಿಲ್ಲರೆ, ಅದೂ ತೆರಿಗೆಗೆ ಮೊದಲು. ಊರಿಗೆ ಬಂದುಹೋಗುವ ಖರ್ಚನ್ನು ಇದರಲ್ಲಿ ಕಳೆಯಿರಿ. ಬೆಂಗಳೂರಿನಲ್ಲಿ ಇದ್ದರೆ ಶುಕ್ರವಾರ ರಾತ್ರಿ ಬಸ್ ಹತ್ತಿ ಭಾನುವಾರ ರಾತ್ರಿ ವಾಪಸ್. ಹೈದರಾಬಾದ್‌ನಿಂದ ಹಾಗೆ ಬರಲು ರಜೆ ಹಾಕಬೇಕು. ಆ ರಜೆಗೂ ಬೆಲೆ ಇದೆ.

ಆದರೂ ನನ್ನನ್ನು ಕೇಳಿದರೆ ಇಪ್ಪತ್ತೈದರ ಒಳಗಿನವರು ಹೋಗಿ. ಅಡ್ವಾನ್ಸ್ ಕಡಿಮೆ, ರಸ್ತೆ ಅಗಲ, ಊರ ಸುತ್ತ 158 ಕಿ.ಮೀ. ಹೊರ ವರ್ತುಲ ರಸ್ತೆ ಇದೆ. ನಮ್ಮ ಹುಡುಗರಲ್ಲಿ ಬೆಂಗಳೂರು ಬಿಟ್ಟು ಬೇರೆ ಊರನ್ನೇ ನೋಡದವರು ಜಾಸ್ತಿ.

## ಮನೆ, ನೀರು, ದಾರಿ

ಮನೆ ಅಡ್ವಾನ್ಸ್ ಎಲ್ಲಿ ಎಷ್ಟು ಕೇಳ್ತಾರೆ?

ಬೆಂಗಳೂರಿನಲ್ಲಿ ಹಳೆಯ ರೂಢಿ ಹತ್ತು ತಿಂಗಳ ಬಾಡಿಗೆ. ಈಗ ಐದಾರಕ್ಕೆ ಒಪ್ಪುವವರೂ ಇದ್ದಾರೆ, ಚೌಕಾಸಿ ಮಾಡಿ. ಚೆನ್ನೈಯಲ್ಲೂ ದೊಡ್ಡ ಅಡ್ವಾನ್ಸಿನ ರೂಢಿ ಇತ್ತು. ದೆಹಲಿ, ಹೈದರಾಬಾದ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ತಿಂಗಳದ್ದು ಸಾಕು. ಮುಂಬೈಯಲ್ಲಿ ಬಾಡಿಗೆಯೇ ಜಾಸ್ತಿ, ಮೇಲೆ ಬ್ರೋಕರ್‌ಗೂ ಕೊಡಬೇಕು. ಅಲ್ಲಿಯ ಕಾನೂನಿನ ಪ್ರಕಾರ ಕರಾರನ್ನು ನೋಂದಣಿ ಮಾಡಿಸಲೇಬೇಕು. ಇದು ನಿಮಗೆ ಒಳ್ಳೆಯದೇ, ಮಾಡಿಸದ ಮನೆ ಬೇಡ.

ಬೆಂಗಳೂರಿನ ಲೀಸ್ ಮನೆಗಳ ಬಗ್ಗೆ ಎಚ್ಚರಿಕೆ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್ ಅನ್ನುವ ವ್ಯವಸ್ಥೆ. ಕಾಫಿ ಮಾರಿದ ದುಡ್ಡು ಕೈಯಲ್ಲಿದ್ದಾಗ ಆಸೆ ಆಗುತ್ತದೆ. ಮಾಲೀಕ ಅದೇ ಮನೆಯ ಮೇಲೆ ಸಾಲ ತೆಗೆದು ಕಟ್ಟದಿದ್ದರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ, ನಿಮ್ಮ ಲಕ್ಷಗಳು ಅಲ್ಲಿ ಸಿಕ್ಕಿಬೀಳುತ್ತವೆ. ಋಣಭಾರ ಪತ್ರ ತೆಗೆಸಿ ನೋಡಿ, ಕರಾರು ನೋಂದಣಿ ಮಾಡಿಸಿ, ಆಮೇಲೆ ದುಡ್ಡು ಕೊಡಿ.

ಬಾಡಿಗೆ ಮನೆಯಲ್ಲಿ ಪಂದಿ ಮಾಡಬಹುದಾ? ನಗಬೇಡಿ, ಸೀರಿಯಸ್ಸಾಗಿ ಕೇಳ್ತಾ ಇದೀನಿ.

ನಗುವುದಿಲ್ಲ, ಅತಿ ಹೆಚ್ಚು ಜನ ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು. ಸಸ್ಯಾಹಾರಿಗಳಿಗೆ ಮಾತ್ರ ಅನ್ನುವ ಮನೆ ಎಲ್ಲಾ ಊರಿನಲ್ಲೂ ಇದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಕೆಲವು ಬೀದಿಗಳು, ಚೆನ್ನೈನ ಮೈಲಾಪುರ, ಮುಂಬೈನ ಕೆಲವು ಸೊಸೈಟಿಗಳು ಇದಕ್ಕೆ ಹೆಸರುವಾಸಿ. ಇನ್ನೊಂದು ಗುಂಪಿನ ಮಾಲೀಕರು ಕೋಳಿ ಕುರಿ ಆಗಬಹುದು, ಹಂದಿ ಬೇಡ ಅನ್ನುತ್ತಾರೆ. ಅವರ ಮನೆ, ಅವರ ಇಷ್ಟ. ಬಚ್ಚಿಟ್ಟು ಬೇಯಿಸುವುದು ಆಗದ ಮಾತು. ಕಾಚಂಪುಳಿ ಎನ್ನುವ ನಮ್ಮ ಕಪ್ಪು ಹುಳಿ ಬಿದ್ದ ಪಂದಿಕರಿಯ ಪರಿಮಳ ಮೂರನೇ ಮಹಡಿಯವರೆಗೂ ಹೋಗುತ್ತದೆ. ಮೊದಲೇ ಬಾಯಿಬಿಟ್ಟು ಕೇಳಿ. ಬೆಂಗಳೂರಿನಲ್ಲಿ ಕುಕ್ ಟೌನ್, ಲಿಂಗರಾಜಪುರ, ಕಮ್ಮನಹಳ್ಳಿ ಕಡೆ ಈ ಮಾತು ಸಲೀಸು. ಮಾಂಸವೂ ಅಲ್ಲೇ ಹತ್ತಿರದಲ್ಲಿ ಸಿಗುತ್ತದೆ.

ಬೆಂಗಳೂರಿಗೆ ಹೋಗೋದು ನಮ್ಮ ಕಾವೇರಿ ನೀರೇ ಅಲ್ವಾ? ಮತ್ತೆ ಅಲ್ಲಿ ನೀರಿಗೆ ಯಾಕೆ ಅಷ್ಟು ಗಲಾಟೆ?

ನೀರು ನಮ್ಮದೇ, ದಾರಿ ದೂರ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪೈಪಿನಲ್ಲಿ ಬರಬೇಕು. ಬೆಂಗಳೂರು ಎತ್ತರದಲ್ಲಿರುವುದರಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳು ಹಂತ ಹಂತವಾಗಿ ಒಟ್ಟು ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. 1974ರಲ್ಲಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು. ಅದು ಮುಖ್ಯವಾಗಿ ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೆ.

ಗಲಾಟೆಯ ಬೇರು ಆ 110 ಹಳ್ಳಿಗಳಲ್ಲೇ ಇದೆ. ಐಟಿ ಕಂಪನಿಗಳು, ಹೊಸ ಅಪಾರ್ಟ್‌ಮೆಂಟ್‌ಗಳು ಬಂದಿದ್ದು ಅಲ್ಲಿ. ಆದರೆ ವರ್ಷಗಟ್ಟಲೆ ಅವಕ್ಕೆ ಬೋರ್‌ವೆಲ್ಲೇ ಆಸರೆ. 2023ರಲ್ಲಿ ಮಳೆ ಕೈಕೊಟ್ಟಿತು, 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್ ದರ ಏರಿ ಸರ್ಕಾರವೇ ಬೆಲೆ ನಿಗದಿ ಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದರು. ಅದೇ ವೇಳೆ ಹಳೆಯ ಬೆಂಗಳೂರಿನ ಜಯನಗರದಲ್ಲಿ ಮನೆ ಮಾಡಿದ್ದವರು ಹೆಚ್ಚುಕಡಿಮೆ ಮಾಮೂಲಾಗಿಯೇ ಇದ್ದರು. ಅದಕ್ಕೇ ನಾನು ಹೇಳುವುದು, ಊರು ಊರನ್ನು ಹೋಲಿಸಬೇಡಿ, ಏರಿಯಾ ಏರಿಯಾ ಹೋಲಿಸಿ. ಮನೆ ನೋಡಲು ಹೋದಾಗ ಅಡುಗೆ ಮನೆ ಟೈಲ್ಸ್ ಆಮೇಲೆ ನೋಡಿ. ಕಾವೇರಿ ಕನೆಕ್ಷನ್ ಇದೆಯಾ, ವಾರಕ್ಕೆ ಎಷ್ಟು ದಿನ ನೀರು, ಮಾರ್ಚ್‌ನಲ್ಲಿ ಎಷ್ಟು ಟ್ಯಾಂಕರ್ ಬಂತು ಎಂದು ವಾಚ್‌ಮನ್ ಹತ್ತಿರ ಕೇಳಿ. ಮಾಲೀಕನ ಹತ್ತಿರ ಅಲ್ಲ.

ಬೇರೆ ಊರುಗಳೂ ಸುಖವಾಗಿಲ್ಲ. ಚೆನ್ನೈಯಲ್ಲಿ 2019ರ ಜೂನ್‌ನಲ್ಲಿ ಕೆರೆಗಳು ಪೂರಾ ಒಣಗಿದವು. ಅಲ್ಲಿ ಮೀಂಜೂರು, ನೆಮ್ಮೇಲಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕಗಳಿವೆ. ವೀರಾಣಂ ಕೆರೆಯ ಮೂಲಕ ಕಾವೇರಿ ನೀರೂ ಹೋಗುತ್ತದೆ, ತಲಕಾವೇರಿಯ ಋಣ ಅಲ್ಲಿಯವರೆಗೂ ಇದೆ. ಹೈದರಾಬಾದ್ ಕೃಷ್ಣಾ, ಗೋದಾವರಿಯಿಂದ ದೂರದ ಪೈಪಿನಲ್ಲಿ ತರಿಸಿಕೊಳ್ಳುತ್ತದೆ. ಮುಂಬೈಗೆ ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಜಲಾಶಯಗಳಿವೆ. ಮಳೆ ತಡವಾದರೆ ಅಲ್ಲೂ ನೀರು ಕಡಿತ. ಈ ವಿಷಯದಲ್ಲಿ ಮೈಸೂರು ಪುಣ್ಯವಂತ, ಕಾವೇರಿ ಕಬಿನಿ ಎರಡೂ ಪಕ್ಕದಲ್ಲೇ ಇವೆ.

ಟ್ರಾಫಿಕ್‌ನಲ್ಲಿ ಬೆಂಗಳೂರಿಗಿಂತ ಕೆಟ್ಟ ಊರು ಇದೆಯಾ?

2024ರಲ್ಲಿ ಇತ್ತು, ಕೋಲ್ಕತ್ತಾ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಕೋಲ್ಕತ್ತಾ, ಬೆಂಗಳೂರು, ಪುಣೆ ಮೂರರಲ್ಲೂ 10 ಕಿ.ಮೀ. ಹೋಗಲು ಅರ್ಧ ಗಂಟೆಗೂ ಜಾಸ್ತಿ. ಪುಣೆ ಶಾಂತ ಊರು ಅಂದುಕೊಂಡು ಹೋಗುವವರಿಗೆ ಇದು ಆಶ್ಚರ್ಯ.

ರೈಲಿನ ವಿಷಯದಲ್ಲಿ ದೆಹಲಿ ಮತ್ತು ಮುಂಬೈಗೆ ಸಾಟಿ ಇಲ್ಲ. ದೆಹಲಿ ಮೆಟ್ರೋ 2002ರಲ್ಲೇ ಶುರುವಾಗಿ ಇಡೀ ಊರಿಗೆ ಹರಡಿದೆ. ಮುಂಬೈ ಲೋಕಲ್‌ನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಆದರೆ ಎಷ್ಟು ಹೊತ್ತಿಗೆ ಮುಟ್ಟುತ್ತೀರೆಂದು ಗೊತ್ತಿರುತ್ತದೆ. ಬೆಂಗಳೂರಿನ ಮೆಟ್ರೋ 2011ರಲ್ಲಿ ತಡವಾಗಿ ಬಂತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ಸೇರಿ ಸುಮಾರು 96 ಕಿ.ಮೀ. ಆಯಿತು.

ನಮ್ಮವರಿಗೆ ಇದರಲ್ಲಿ ಒಂದು ಉಪಾಯ ಇದೆ. ಕೊಡಗಿನ ಸರ್ಕಾರಿ ಬಸ್‌ಗಳು ಹೊರಡುವುದು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ. ನೇರಳೆ ಮಾರ್ಗದ ದೀಪಾಂಜಲಿ ನಗರ ಸ್ಟೇಷನ್ ಅದರ ಹತ್ತಿರವೇ. ಆಫೀಸು ವೈಟ್‌ಫೀಲ್ಡ್‌ನಲ್ಲಿದ್ದರೂ ನೇರಳೆ ಮಾರ್ಗದ ಹತ್ತಿರ ಮನೆ ಮಾಡಿದರೆ ಶುಕ್ರವಾರ ಸಂಜೆ ಟ್ರಾಫಿಕ್ ಗೋಜಿಲ್ಲದೆ ಬಸ್ ಹಿಡಿಯಬಹುದು. ರಾಜರಾಜೇಶ್ವರಿ ನಗರ, ಕೆಂಗೇರಿ ಆದರೆ ಇನ್ನೂ ಸಲೀಸು. ಬೈಕಿನವರು ನೆನಪಿಡಿ, 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಅವಕಾಶ ಇಲ್ಲ. ಸರ್ವೀಸ್ ರೋಡಿನಲ್ಲೇ ಬರಬೇಕು.

ಸೆಖೆ ತಡೆಯೋಕಾಗಲ್ಲ ನಂಗೆ. ಎಲ್ಲಿಗೆ ಹೋಗ್ಲಿ?

ಮಡಿಕೇರಿಯಲ್ಲಿ ಬೆಳೆದವರಿಗೆ ಎಲ್ಲಾ ಊರೂ ಸೆಖೆಯೇ. ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಆದರೂ ರಾತ್ರಿ ಫ್ಯಾನ್ ಹಾಕಿದರೆ ನಿದ್ದೆ ಬರುತ್ತದೆ. ಚೆನ್ನೈ, ಮಂಗಳೂರು, ಮುಂಬೈಯಲ್ಲಿ ಬೆವರಿನದ್ದೇ ತೊಂದರೆ, ಅಲ್ಲಿ ಎಸಿ ಖರ್ಚನ್ನು ಬಾಡಿಗೆಗೆ ಸೇರಿಸಿಯೇ ಲೆಕ್ಕ ಹಾಕಿ.

ಮಳೆಯ ಬಗ್ಗೆಯೂ ಹೇಳಬೇಕು. ನಾವೇನು ಮಳೆ ನೋಡಿಲ್ವಾ ಅನ್ನುವ ಧೈರ್ಯ ನಗರದಲ್ಲಿ ನಡೆಯುವುದಿಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿಯಿತು. ನಮ್ಮಲ್ಲಿ ಜುಲೈ ಪೂರ್ತಿ ಬೀಳುವ ಮಳೆಯ ಹತ್ತಿರ ಹತ್ತಿರ ಅದು. ಇಲ್ಲಿ ಇಳಿಜಾರು ಇದೆ, ತೋಡು ಇದೆ, ಹರಿದು ಹೋಗುತ್ತದೆ. ಅಲ್ಲಿ ನಿಲ್ಲುತ್ತದೆ. ಚೆನ್ನೈನಲ್ಲಿ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್, ನಮ್ಮಲ್ಲಿ ಬಿಸಿಲು ಬಂದ ಮೇಲೆ. 2015ರ ಡಿಸೆಂಬರ್ ಪ್ರವಾಹ ಬಂದಿದ್ದೂ ಹಾಗೆಯೇ. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಕಡೆ ಕೋಟಿ ಬೆಲೆಯ ಮನೆಗಳಿಗೂ ನೀರು ನುಗ್ಗಿತು. ನೆಲಮಹಡಿ ಮನೆ ಹಿಡಿಯುವ ಮೊದಲು ರಾಜಕಾಲುವೆ ಎಲ್ಲಿದೆ ಎಂದು ನೋಡಿ.

ದೆಹಲಿ ಗಾಳಿ ನಿಜವಾಗ್ಲೂ ಅಷ್ಟು ಕೆಟ್ಟದಾ?

ಹೌದು. ನವೆಂಬರ್‌ನಿಂದ ಜನವರಿವರೆಗೆ ತುಂಬಾ ಕೆಟ್ಟದು. ಉಬ್ಬಸ ಇರುವವರು, ಚಿಕ್ಕ ಮಕ್ಕಳಿರುವವರು ಹೋಗಬೇಡಿ. ಉಳಿದವರಿಗೆ ದೆಹಲಿ ಎರಡು ಮೂರು ವರ್ಷಕ್ಕೆ ಒಳ್ಳೆಯ ಊರು.

## ಲೆಕ್ಕಾಚಾರದ ಪ್ರಶ್ನೆಗಳು

ಮಗಳನ್ನ ಒಬ್ಬಳೇ ಕಳಿಸ್ಬೇಕು. ಯಾವ ಊರು ಧೈರ್ಯ ಅಪ್ಪಾ?

ಮುಂಬೈ ಎಂದು ಹೇಳುವವರು ಹೆಚ್ಚು, ನಾನೂ ಅದನ್ನೇ ಹೇಳುತ್ತೇನೆ. ಅಲ್ಲಿ ರಾತ್ರಿ ಹತ್ತರ ಲೋಕಲ್‌ನಲ್ಲೂ ಕೆಲಸ ಮುಗಿಸಿ ಬರುವ ಹೆಂಗಸರು ತುಂಬಿರುತ್ತಾರೆ. ರಸ್ತೆಯಲ್ಲಿ ಜನ ಇರುವುದೇ ದೊಡ್ಡ ಭದ್ರತೆ. ಬೆಂಗಳೂರಿನಲ್ಲಿ ಏರಿಯಾ ನೋಡಬೇಕು. ಮೆಟ್ರೋದಿಂದ ಪಿಜಿಗೆ ಹೋಗುವ ಕೊನೆಯ ಅರ್ಧ ಕಿಲೋಮೀಟರನ್ನು ನೀವೇ ಒಂದು ರಾತ್ರಿ ಒಂಬತ್ತರ ಮೇಲೆ ನಡೆದು ನೋಡಿ. ದೀಪ ಇದೆಯಾ, ಅಂಗಡಿ ತೆರೆದಿರುತ್ತದಾ?

ಬೆಂಗಳೂರು, ಮೈಸೂರು, ಮಂಗಳೂರಿಗೆ ಇನ್ನೊಂದು ಅನುಕೂಲ ಇದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಮಗಳು ಮನೆಗೆ ಬಂದುಹೋಗುವುದು ಉಚಿತ. ರಾಜಹಂಸ, ಐರಾವತಕ್ಕೆ ಟಿಕೆಟ್ ತಗೊಳ್ಳಬೇಕು.

ಅಪ್ಪನಿಗೆ ಹಾರ್ಟ್ ತೊಂದರೆ. ಜೊತೆಗೆ ಕರ್ಕೊಂಡು ಹೋಗೋದಾದ್ರೆ ಯಾವ ಸಿಟಿ?

ಮೈಸೂರು. ಅಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ನೆಲ ಸಮತಟ್ಟು, ಬೆಳಿಗ್ಗೆ ನಡೆಯಲು ಜಾಗ ಇದೆ. ಊರಿನಿಂದ ನೆಂಟರು ಬಂದು ನೋಡಿ ಸಂಜೆಗೆ ವಾಪಸ್ ಹೋಗಬಹುದು. ಕ್ಯಾನ್ಸರ್ ಅಥವಾ ನರರೋಗ ಆದರೆ ಬೆಂಗಳೂರು, ಕಿದ್ವಾಯಿ ಮತ್ತು ನಿಮ್ಹಾನ್ಸ್ ಅಲ್ಲೇ ಇವೆ. ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜುಗಳು ಬೇಕಾದಷ್ಟಿವೆ, ಆದರೆ ತಂಪಿಗೆ ಒಗ್ಗಿದ ವಯಸ್ಸಾದವರು ಅಲ್ಲಿಯ ಸೆಖೆಗೆ ಸುಸ್ತಾಗುತ್ತಾರೆ.

ಅಪ್ಪನನ್ನೂ ಒಂದು ಮಾತು ಕೇಳಿ. ತೋಟದಲ್ಲಿ ದಿನಕ್ಕೆ ಎರಡು ಸುತ್ತು ಹಾಕುತ್ತಿದ್ದವರು ಎರಡು ಕೋಣೆಯ ಫ್ಲಾಟ್‌ನಲ್ಲಿ ಟಿ.ವಿ. ಮುಂದೆ ಕೂತರೆ ಹಾರ್ಟ್ ಬೇಗ ಸರಿಹೋಗುವುದಿಲ್ಲ.

ರಿಟೈರ್ ಆದ ಮೇಲೆ ಪುಣೆ, ಬೆಂಗಳೂರು, ಮೈಸೂರು, ಇಲ್ಲ ಊರಿಗೇ ಬರೋದಾ?

ಮಿಲಿಟರಿಯವರಿಗೆ ಪುಣೆ ಎಳೆತ ಜಾಸ್ತಿ. ದಕ್ಷಿಣ ಕಮಾಂಡ್ ಅಲ್ಲಿದೆ, ಕಮಾಂಡ್ ಆಸ್ಪತ್ರೆ ಇದೆ, ಹಳೆಯ ಸ್ನೇಹಿತರೂ ಅಲ್ಲೇ ಇರುತ್ತಾರೆ. ಬೆಂಗಳೂರಿನಲ್ಲೂ ಕಮಾಂಡ್ ಆಸ್ಪತ್ರೆ ಇದೆ. ಮೈಸೂರು, ಮಡಿಕೇರಿಯಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕ್ಲಿನಿಕ್ ಇದೆ, ದೊಡ್ಡ ಆಪರೇಷನ್‌ಗೆ ಮಾತ್ರ ಬೆಂಗಳೂರಿಗೆ ಹೋಗಬೇಕಾಗಬಹುದು. ಎಪ್ಪತ್ತರವರೆಗೆ ಊರಿನಲ್ಲಿ ಇದ್ದು, ಗಾಡಿ ಓಡಿಸುವುದು ಕಷ್ಟವಾದಾಗ ಮೈಸೂರಿಗೆ ಬರುವುದು ನನಗೆ ಸರಿ ಕಾಣುತ್ತದೆ. ಕಾರಣ ಸರಳ: ತೋಟದ ಮನೆಯಿಂದ ಔಷಧಿ ಅಂಗಡಿಗೆ ಗಾಡಿ ಬೇಕೇ ಬೇಕು.

ಸಿಟಿಯಲ್ಲಿ ಮಕ್ಕಳು ನಮ್ಮ ಪದ್ಧತಿ ಮರೀತಾರೆ ಅಲ್ವಾ?

ಬೆಂಗಳೂರು, ಮೈಸೂರಿನಲ್ಲಿ ಮರೆಯಲು ಬಿಡುವುದಿಲ್ಲ. ವಸಂತನಗರದ ಕೊಡವ ಸಮಾಜದಲ್ಲಿ ವಾರಾಂತ್ಯಕ್ಕೆ ಒಂದಲ್ಲ ಒಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಗೌಡ ಸಮಾಜಗಳೂ ಇವೆ. ದೂರದ ಊರುಗಳಲ್ಲಿ ನೀವೇ ನಾಲ್ಕು ಮನೆ ಹುಡುಕಿ ಸೇರಿಸಬೇಕು. ಭಾಷೆ ಮಾತ್ರ ಸಮಾಜದಲ್ಲಿ ಉಳಿಯುವುದಿಲ್ಲ, ಅದು ಅಡುಗೆ ಮನೆಯಲ್ಲಿ ಉಳಿಯಬೇಕು. ರಜೆಯನ್ನು ಕೈಲ್‌ಪೊದ್, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳಿಗೆ ಎಂದು ವರ್ಷದ ಶುರುವಿನಲ್ಲೇ ಆಫೀಸಿಗೆ ಹೇಳಿಡಿ. ಪುತ್ತರಿಯ ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುವವರೆಗೆ ಸರಿಯಾದ ದಿನ ಗೊತ್ತಿರುವುದಿಲ್ಲ. ಇದನ್ನು ದೆಹಲಿಯ ಮ್ಯಾನೇಜರ್‌ಗೆ ಅರ್ಥ ಮಾಡಿಸುವುದೇ ಒಂದು ಸಾಹಸ.

ತೋಟ ಸ್ವಲ್ಪ ಮಾರಿ ಬೆಂಗಳೂರಲ್ಲಿ ಫ್ಲಾಟ್ ತಗೊಂಡ್ರೆ ಹೇಗೆ?

ನನ್ನ ಉತ್ತರ ಬೇಡ ಎಂದು. ಮಾರಿದ ಏಕರೆ ವಾಪಸ್ ಬರುವುದಿಲ್ಲ. ಫ್ಲಾಟ್‌ನಲ್ಲಿ ನಿಮಗೆ ಸಿಗುವ ನೆಲ ಬರೀ ಒಂದು ಪಾಲು, ಕಟ್ಟಡಕ್ಕೆ ವರ್ಷವಾದಂತೆ ಬೆಲೆ ಇಳಿಯುತ್ತದೆ. 2024ರಲ್ಲಿ ರೋಬಸ್ಟಾ ದರ ದಾಖಲೆ ಮುಟ್ಟಿದ್ದನ್ನು ನೋಡಿದ ಮೇಲೂ ಈ ಪ್ರಶ್ನೆ ಬರುತ್ತದಲ್ಲ ಎಂದು ಆಶ್ಚರ್ಯ. ಹೌದು, ದರ ಇಳಿಯುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಡುತ್ತದೆ, ಆನೆ ಬರುತ್ತದೆ, ಕೆಲಸಕ್ಕೆ ಆಳು ಸಿಗುವುದಿಲ್ಲ. ಅದೆಲ್ಲ ನಿಜ. ಆದರೆ ಅದಕ್ಕೆ ಉತ್ತರ ಫ್ಲಾಟ್ ಅಲ್ಲ.

ಮಾರಲೇಬೇಕೆಂದಿದ್ದರೆ ಜಮ್ಮಾ ಬಾಣೆಯ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ದಾಖಲೆ, ಪಾಲುದಾರರ ಸಹಿ ಎಲ್ಲವನ್ನೂ ವಕೀಲರಿಗೆ ತೋರಿಸಿ. ನಗರದ ಹೊರಗಿನ ಕೃಷಿ ಜಮೀನಾದರೆ ಬಂಡವಾಳ ಲಾಭದ ತೆರಿಗೆ ಬರದಿರಬಹುದು. ಪಟ್ಟಣದಿಂದ ಇರುವ ದೂರದ ಮೇಲೆ ಅದು ನಿಲ್ಲುತ್ತದೆ, ಆಡಿಟರ್ ಹತ್ತಿರ ಕೇಳಿ. ಕೊಳ್ಳುವ ಕಡೆ ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾದ ನೋಂದಣಿ ನೋಡಿ. ಪಾಲಿಕೆಯ ಆಸ್ತಿ ದಾಖಲೆ ಪೂರ್ತಿ ಸಕ್ರಮದ ಎ ಖಾತೆಯೋ, ಅಲ್ಲದ ಬಿ ಖಾತೆಯೋ ನೋಡಿ. ಇ-ಖಾತೆ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. 2025ರಲ್ಲಿ ಬೆಂಗಳೂರು ಪಾಲಿಕೆ ಒಡೆದು ಐದಾಗಿದೆ, ನಿಮ್ಮ ಕಟ್ಟಡ ಯಾವ ಪಾಲಿಕೆಗೆ ಬರುತ್ತದೆ ಎಂದೂ ತಿಳಿದುಕೊಳ್ಳಿ.

ವರ್ಕ್ ಫ್ರಂ ಹೋಂ ಇದೆ. ಸಿಟಿ ರೂಮ್ ಬಿಟ್ಟು ಮನೆಗೇ ಬಂದುಬಿಡಲಾ?

ಎಲ್ಲಿ ಮನೆ ಎನ್ನುವುದರ ಮೇಲಿದೆ. ಕುಶಾಲನಗರ ಆದರೆ ಸರಿ, ಮಳೆ ಕಡಿಮೆ, ನೆಲ ಸಮ, ಮೈಸೂರಿಗೆ ಹತ್ತಿರ. ಆದರೆ ನದಿ ದಂಡೆಯ ಲೇಔಟ್‌ಗಳಿಗೆ 2018, 2019ರಲ್ಲಿ ನೀರು ನುಗ್ಗಿತ್ತು, ಅಲ್ಲಿ ಬಾಡಿಗೆ ಬೇಡ. ಭಾಗಮಂಡಲ, ನಾಪೋಕ್ಲು ಕಡೆ ಆದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಕಥೆ ಯೋಚಿಸಿ. ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಲೈನ್‌ಮನ್ ಬರುವವರೆಗೆ ಕಾಯುವುದೇ.

ರೂಮ್ ಬಿಡುವ ಮೊದಲು ಒಂದು ಮಳೆಗಾಲ ಪೂರ್ತಿ ಪರೀಕ್ಷೆ ಮಾಡಿ. ಎರಡು ಬೇರೆ ಕಂಪನಿಯ ಇಂಟರ್ನೆಟ್, ಒಂದು ಒಳ್ಳೆಯ ಇನ್ವರ್ಟರ್, ಹತ್ತಿರದ ಪೇಟೆಯಲ್ಲಿ ಕೂತು ಕೆಲಸ ಮಾಡಲು ನೆಂಟರ ಒಂದು ಕೋಣೆ. ಈ ಮೂರೂ ಇದ್ದರೆ ಸೆಪ್ಟೆಂಬರ್‌ನಲ್ಲಿ ಮಾಲೀಕರಿಗೆ ನೋಟಿಸ್ ಕೊಡಿ. ಅಡ್ವಾನ್ಸಿನಲ್ಲಿ ಪೇಂಟಿಂಗ್‌ಗೆ ಎಂದು ಒಂದು ತಿಂಗಳದ್ದು ಹಿಡಿದುಕೊಳ್ಳುತ್ತಾರೆ, ಅದಕ್ಕೂ ಸಿದ್ಧವಾಗಿರಿ.